ಕಿತ್ತ ಸೊಪ್ಪು, ಕಟ್ಟಿದ ಗಂಟಲು

ಇನ್ನು ಮುಂದೆ ನಮ್ಮ ಮನೆಗೆ ಅಂಗಡಿಯ ಸೊಪ್ಪು ಬರಕೂಡದು ಎಂದು ನಾನು ಘೋಷಿಸಿದ್ದು ಒಂದು ಬುಧವಾರ ಬೆಳಗ್ಗೆ ಏಳೂಕಾಲಿಗೆ, ಹಲ್ಲುಜ್ಜುವ ಬ್ರಷ್ಷನ್ನು ಬಾವುಟದಂತೆ ಎತ್ತಿ ಹಿಡಿದು. "ನೆಲ ತಾನಾಗೇ ಬೆಳೆದು ಕೊಡುವಾಗ ಅಂಗಡಿಯವನ ಮುಂದೆ ಚೀಲ ಒಡ್ಡೋದು ಮನುಷ್ಯಕುಲಕ್ಕೇ ಅವಮಾನ" ಎಂದೆ.

ಮನುಷ್ಯಕುಲದ ಪ್ರತಿನಿಧಿಗಳಾಗಿ ಆ ಹೊತ್ತಿಗೆ ಹಜಾರದಲ್ಲಿದ್ದವರು ಇಬ್ಬರು. ಹೆಂಡತಿ ತಲೆ ಬಾಚಿಕೊಳ್ಳುತ್ತಿದ್ದಳು. ಅವಳ ತಾಯಿ, ಅಂದರೆ ನಮ್ಮತ್ತೆ, ಕುಪ್ಪಸವೊಂದಕ್ಕೆ ಗುಂಡಿ ಹೊಲಿಯುತ್ತಿದ್ದರು. ಇಬ್ಬರೂ ನನ್ನ ಮಾತಿಗೆ ಸೊಪ್ಪು ಹಾಕಲಿಲ್ಲ.

"ಸರಿ, ನೀವು ಹಾಕ್ಬೇಡಿ. ಇವತ್ತು ನಾನೇ ಹಾಕ್ತೀನಿ, ಬಾಣಲೆಗೆ" ಎಂದೆ.

"ರೀ, ನಾಳೆ ಹತ್ತು ಗಂಟೆಗೆ ಅಧಿಕಾರಿ ಬರ್ತಾರೆ. ನನ್ನ ತಲೆ ತುಂಬ ಅದೇ ಇದೆ" ಎಂದಳು ಹೆಂಡತಿ, ಬಾಚಣಿಗೆ ನಿಲ್ಲಿಸದೆ. "ಇವತ್ತೊಂದಿನ ನೀವು ಏನೂ ಮಾಡ್ದೆ ಇರ್ತೀರಾ?"

ಅದೊಂದನ್ನು ಬಿಟ್ಟು ಬೇರೇನು ಬೇಕಾದರೂ ಕೇಳಬಹುದಿತ್ತು. ನಾನು ಕನ್ನಡಕದ ಅಂಗಡಿ ಇಟ್ಟವನು. ಕಟ್ಟಡದ ಚಾವಣಿ ರಿಪೇರಿಗೆಂದು ಮೂರು ವಾರ ಅಂಗಡಿ ಮುಚ್ಚಿಸಿದ್ದರು. ಮೊದಲ ವಾರದಲ್ಲೇ ನಾನು ಮನೆಯ ಬಾಗಿಲುಗಳಿಗೆಲ್ಲ ಎಣ್ಣೆ ಬಿಟ್ಟು, ಕಪಾಟುಗಳನ್ನು ಸ್ಥಳಾಂತರಿಸಿ, ಅಡುಗೆಮನೆಯ ಡಬ್ಬಿಗಳನ್ನು ಅಕಾರಾದಿಯಾಗಿ ಜೋಡಿಸಿ, ಅತ್ತೆಯ ಕಣ್ಣನ್ನು ನಾಲ್ಕು ಸಲ ಪರೀಕ್ಷಿಸಿ ಮುಗಿಸಿದ್ದೆ. "ಅಳಿಯಂದ್ರೆ, ಸ್ವಲ್ಪ ಕೂತ್ಕೊಳ್ಳಿ. ನಿಮ್ಮನ್ನ ನೋಡಿ ನೋಡಿ ನನ್ನ ಕಾಲು ನೋಯ್ತಿದೆ" ಎಂದಿದ್ದರು ಅವರು.

ಹೆಂಡತಿಯ ಕೆಲಸದ ವಿಷಯ ಹೇಳಬೇಕು. ಹದಿನೆಂಟು ವರ್ಷದಿಂದ ಊರಿನ ಬಸ್ ನಿಲ್ದಾಣದ ಧ್ವನಿ ಅವಳೇ. "ಪ್ರಯಾಣಿಕರ ಗಮನಕ್ಕೆ" ಎಂದು ಅವಳು ಶುರು ಮಾಡಿದರೆ ಬೆಂಚಿನ ಮೇಲೆ ಗೊರಕೆ ಹೊಡೆಯುವವರೂ ಎದ್ದು ಚೀಲ ತಡಕಿಕೊಳ್ಳುತ್ತಾರೆ. ನಮ್ಮ ಮನೆ ನಿಲ್ದಾಣದ ಹಿಂದಿನ ಬೀದಿಯಲ್ಲೇ ಇರುವುದರಿಂದ ಅವಳು ಕೆಲಸಕ್ಕೆ ಹೋದ ಮೇಲೂ ನನಗೆ ಅವಳ ಧ್ವನಿ ತಪ್ಪಿದ್ದಲ್ಲ. ಈಗ ಮೇಲಿನವರಿಗೆ ಒಂದು ಯೋಚನೆ ಬಂದಿತ್ತು: ಮೊದಲೇ ಧ್ವನಿ ತುಂಬಿಸಿಟ್ಟ ಯಂತ್ರವೊಂದನ್ನು ಕೂರಿಸಿದರೆ ಈ ಅಮ್ಮ ಯಾಕೆ? ಅದನ್ನು ತೀರ್ಮಾನಿಸಲು ಅಧಿಕಾರಿಯೊಬ್ಬರು ಗುರುವಾರ ಬಂದು, ನಿಲ್ದಾಣದಲ್ಲಿ ಒಂದು ಗಂಟೆ ಕೂತು, ಅವಳ ಪ್ರಕಟಣೆ ಕೇಳುವವರಿದ್ದರು.

ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿದ್ದೇ, ನಾಳೆಯ ದಿನಕ್ಕೆ ಅವಳಿಗೆ ಶಕ್ತಿ ಬರಲಿ ಎಂದು ಹೊರಟೆ. ಗಿರಾಕಿಯೊಬ್ಬರು ಅಂಗಡಿಯಲ್ಲಿ ಮರೆತುಹೋಗಿದ್ದ, ಕಾಡುಸೊಪ್ಪುಗಳ ಕಿರುಪುಸ್ತಕವೊಂದು ನನ್ನ ಜೇಬಿನಲ್ಲಿತ್ತು. ಎರಡು ದಿನದಲ್ಲಿ ಅದನ್ನು ಓದಿ ಮುಗಿಸಿದ್ದೆ. ಮುಗಿಸಿದ್ದೆ ಎಂದರೆ, ಚಿತ್ರಗಳನ್ನು.

ಮೊದಲ ಬೇಟೆ ಬ್ಯಾಂಕಿನ ಮುಂದೆ. ಕಾಲುದಾರಿಯ ಕಲ್ಲುಗಳ ಸಂದಿಯಲ್ಲಿ ಗೋಣಿಸೊಪ್ಪು, ದಪ್ಪ ದಪ್ಪ ಎಲೆ, ಕೆಂಪು ದಂಟು, ಚಿತ್ರದಲ್ಲಿದ್ದ ಹಾಗೆಯೇ. ಮಂಡಿಯೂರಿ ಕೂತೆ. ಖಚಿತವಾಗಲೆಂದು ಮೂಗು ನೆಲಕ್ಕೆ ತಾಗುವಷ್ಟು ಬಗ್ಗಿದೆ.

ಬ್ಯಾಂಕಿನ ಕಾವಲುಗಾರ ಬಂದು ಪಕ್ಕದಲ್ಲಿ ನಿಂತ. "ಏನ್ ಕಳ್ಕೊಂಡ್ರಿ ಸಾರ್?"

"ಏನೂ ಕಳ್ಕೊಂಡಿಲ್ಲ. ಹುಡುಕ್ತಾ ಇದ್ದೀನಿ."

"ಕಳ್ಕೊಳ್ದೇ ಹೇಗೆ ಹುಡುಕ್ತೀರಿ?"

ಇದಕ್ಕೆ ಉತ್ತರ ಹುಡುಕುವಷ್ಟರಲ್ಲಿ ದಾರಿಯಲ್ಲಿ ಹೋಗುತ್ತಿದ್ದ ನನ್ನ ಹಳೆಯ ಗಿರಾಕಿಯೊಬ್ಬರು ನಿಂತರು. "ಇವ್ರು ಕನ್ನಡಕದ ಅಂಗಡಿಯವ್ರಲ್ವಾ? ಲೆನ್ಸ್ ಬಿದ್ದಿರ್ಬೇಕು ಪಾಪ" ಎಂದು ತಾವೂ ಮಂಡಿಯೂರಿದರು. ಅವರ ಹಿಂದೆ ಇನ್ನೊಬ್ಬರು. ಐದು ನಿಮಿಷದಲ್ಲಿ ಒಂಬತ್ತು ಜನ ನಾಲ್ಕು ಕಾಲಲ್ಲಿದ್ದರು. "ಎಡಗಣ್ಣಿಂದಾ, ಬಲಗಣ್ಣಿಂದಾ?" ಎಂದು ಒಬ್ಬರು ಕೇಳಿದರು. ಒಳ್ಳೆಯ ಜನ. ಅವರ ಒಳ್ಳೆಯತನದ ಮೊಣಕಾಲುಗಳ ಕೆಳಗೆ ನನ್ನ ಗೋಣಿಸೊಪ್ಪೆಲ್ಲ ನುಣ್ಣಗೆ ಅರೆದುಹೋಯಿತು. "ಸಿಕ್ತು, ಸಿಕ್ತು" ಎಂದು ಸುಳ್ಳು ಹೇಳಿ, ಬರಿಗೈಯನ್ನು ಮುಷ್ಟಿ ಕಟ್ಟಿಕೊಂಡು ಅಲ್ಲಿಂದ ಕಾಲ್ತೆಗೆದೆ.

ಖಾಲಿ ಚೀಲ ಹಿಡಿದು ಮನೆಗೆ ಹೋಗುವುದು ಸಾಧ್ಯವಿರಲಿಲ್ಲ. ಬೆಳಗ್ಗೆ ಮಾಡಿದ ಘೋಷಣೆ ಇನ್ನೂ ಹಸಿಯಾಗಿತ್ತು. ಹಾಗಾಗಿ ಬೀದಿಯ ಕೊನೆಯ ಕಾಲುವೆಗೆ ಹೋದೆ. ಅಲ್ಲಿ ಜನ ಇರಲಿಲ್ಲ. ನೀರಿನ ಬದಿಗೆ, ಆನೆಕಿವಿಯಂಥ ಎಲೆಗಳು ಸಾಲುಸಾಲಾಗಿ ತೂಗುತ್ತಿದ್ದವು. ಪುಸ್ತಕ ತೆಗೆದೆ. ಇಪ್ಪತ್ತಮೂರನೇ ಪುಟ, ಅದೇ ಎಲೆ. "ಕಾಡುಕೆಸು. ನೀರಿನ ಅಂಚಿನಲ್ಲಿ ಬೆಳೆಯುತ್ತದೆ. ಎಲೆ ತಿನ್ನಲು ಯೋಗ್ಯ, ರುಚಿಕರ, ಶಕ್ತಿದಾಯಕ. ಆದರೆ" ಎಂಬಲ್ಲಿಗೆ ಪುಟ ಮುಗಿದಿತ್ತು.

ಆದರೆಗಳಿಗೆ ಹೆದರಿ ನಿಂತವನು ನಾನಲ್ಲ. ಯೋಗ್ಯ, ರುಚಿಕರ, ಶಕ್ತಿದಾಯಕ ಎಂಬ ಮೂರು ಬಿರುದುಗಳು ಸಿಕ್ಕ ಮೇಲೆ ನಾಲ್ಕನೆಯ ಪದದ ಹಂಗೇಕೆ? ಚೀಲ ತುಂಬ ಕಿತ್ತು ತಂದೆ.

ಸಂಜೆ ಐದಕ್ಕೆ ಅಡುಗೆಮನೆಯನ್ನು ವಶಪಡಿಸಿಕೊಂಡೆ. ಎಲೆಗಳನ್ನು ತೊಳೆದು, ಸುರುಳಿ ಸುತ್ತಿ, ರಿಬ್ಬನ್ನಿನಂತೆ ಹೆಚ್ಚಿದೆ. ಎಣ್ಣೆಗೆ ಬೆಳ್ಳುಳ್ಳಿ ಹಾಕಿ, ಎಲೆ ಸುರಿದು, ಎರಡು ನಿಮಿಷ ಬಾಡಿಸಿ ಇಳಿಸಿದೆ. ಹಸಿರು ಎಂದರೆ ಅಂಥ ಹಸಿರು.

ಅತ್ತೆ ಬಂದು ಬಾಣಲೆಯೊಳಗೆ ಇಣುಕಿದರು. "ಇದು ಬೆಂದಿದ್ಯಾ?"

"ಜಾಸ್ತಿ ಬೇಯಿಸಿದ್ರೆ ಸತ್ವ ಹೋಗುತ್ತೆ ಅತ್ತೆ."

"ಯಾರ ಸತ್ವ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಹೊರಟುಹೋದರು.

ಹೆಂಡತಿ ಬಂದಾಗ ಆರು ಗಂಟೆ. ದಣಿದಿದ್ದಳು, ಹಸಿದಿದ್ದಳು. ಮೂರು ತಟ್ಟೆ ಹಾಕಿದೆ. ಹನ್ನೊಂದು ವರ್ಷದಿಂದ ನಮ್ಮ ಜೊತೆ ಇರುವ ಅತ್ತೆ ಮೊಟ್ಟಮೊದಲ ಬಾರಿಗೆ "ನನಗೆ ಹಸಿವಿಲ್ಲ" ಎಂದು ಹೇಳಿ, ನಾಲ್ಕು ಚೂರು ಬ್ರೆಡ್ಡು ತೆಗೆದುಕೊಂಡು ತಮ್ಮ ಕೋಣೆಗೆ ನಡೆದರು.

"ಮೊದ್ಲು ನೀವು ತಿನ್ನಿ" ಎಂದಳು ಹೆಂಡತಿ.

ತಿಂದೆ. ನಾನು ಅಗಿಯುವ ಜಾತಿಯವನಲ್ಲ, ನುಂಗುವವನು. ಊಟಕ್ಕೆಂದು ಅಷ್ಟು ಹೊತ್ತು ಒಂದೇ ಕಡೆ ಕೂರುವ ತಾಳ್ಮೆ ನನಗಿಲ್ಲ. ನಾಲ್ಕು ತುತ್ತು ನಾಲಿಗೆಗೆ ಹೇಳದೆಯೇ ಒಳಗೆ ಹೋದವು. "ನೋಡು, ಬದುಕಿದ್ದೀನಲ್ಲ?" ಎಂದೆ.

ಅವಳು ಒಂದು ತುತ್ತು ಬಾಯಿಗಿಟ್ಟಳು. ಅವಳದು ಒಂದೊಂದು ತುತ್ತನ್ನೂ ವಿಚಾರಣೆ ನಡೆಸಿ ಒಳಗೆ ಬಿಡುವ ಪದ್ಧತಿ. ಅಗಿದಳು. ಇನ್ನೂ ಅಗಿದಳು. "ರುಚಿಯೇನೋ ಇದೆ. ಸ್ವಲ್ಪ ಉಪ್ಪು..." ಎಂದವಳು ನಿಂತಳು. ಕೈ ಗಂಟಲಿಗೆ ಹೋಯಿತು.

"ರೀ, ಇದಕ್ಕೇನ್ ಹಾಕಿದ್ದೀರಿ?"

"ಏನೂ ಹಾಕಿಲ್ಲ. ಅದೇ ಇದರ ವಿಶೇಷ."

"ಸೂಜಿ... ಸೂಜಿ ಚುಚ್ಚಿದ ಹಾಗೆ..." ಎಂದಳು. 'ಹಾಗೆ' ಎಂಬುದು ಕೇಳಿಸಲಿಲ್ಲ, ತುಟಿಯಲ್ಲಿ ಮಾತ್ರ ಕಂಡಿತು. ನೀರು ಕುಡಿದಳು, ಮಜ್ಜಿಗೆ ಕುಡಿದಳು, ಸಕ್ಕರೆ ಬುಕ್ಕಿದಳು. ಅಷ್ಟರಲ್ಲಿ ನನ್ನ ನಾಲಿಗೆಯಂಚಿಗೂ ತುರಿಕೆ ಹತ್ತಿತ್ತು, ಆದರೆ ನನ್ನ ಧ್ವನಿ ಮಾತ್ರ ಕಂಚಿನ ಗಂಟೆಯಂತೆ ಗಟ್ಟಿಯಾಗಿಯೇ ಉಳಿದಿತ್ತು. ಅನ್ಯಾಯವೆಂದರೆ ಇದೇ.

ಬೀದಿಯ ತಿರುವಿನಲ್ಲಿರುವ ಡಾಕ್ಟರಮ್ಮ ಟಾರ್ಚು ಬಿಟ್ಟು ಗಂಟಲು ನೋಡಿದರು. ಔಷಧಿ ಬರೆದರು. "ಅಪಾಯ ಏನಿಲ್ಲ, ಊದಿಕೊಂಡಿದೆ. ಎರಡು ದಿನ ಒಂದಕ್ಷರ ಮಾತಾಡ್ಬಾರ್ದು" ಎಂದು ಅವಳಿಗೆ ಹೇಳಿ, ನನ್ನ ಕಡೆ ತಿರುಗಿದರು. "ನೀವೂ ಮಾತಾಡ್ಬಾರ್ದು."

"ನನಗೇನೂ ಆಗಿಲ್ವಲ್ಲ ಡಾಕ್ಟ್ರೆ."

"ಗೊತ್ತು" ಎಂದರು ಅವರು.

ಮನೆಗೆ ಬಂದವಳೇ ಹೆಂಡತಿ ನನ್ನ ಜೇಬಿಗೆ ಕೈ ಹಾಕಿ ಪುಸ್ತಕ ಎಳೆದುಕೊಂಡಳು. ಇಪ್ಪತ್ತಮೂರನೇ ಪುಟ ಓದಿದಳು. ನಂತರ ಒಂದೇ ಬೆರಳಿನಲ್ಲಿ, ಬಹಳ ನಿಧಾನವಾಗಿ, ಅದನ್ನು ತಿರುವಿದಳು. ತಿರುವಿದ್ದನ್ನು ನನ್ನ ಮೂಗಿನ ಕೆಳಗೆ ಹಿಡಿದಳು. ನಾನು ಗಟ್ಟಿಯಾಗಿ ಓದಿದೆ: "ಸಾಕಷ್ಟು ಹುಳಿ ಹಾಕಿ ಚೆನ್ನಾಗಿ ಬೇಯಿಸದೆ ತಿಂದರೆ ಗಂಟಲು ಕೆರೆದು, ಊದಿಕೊಂಡು, ಮಾತು ನಿಲ್ಲಬಹುದು."

ಅತ್ತೆ ಕೋಣೆಯ ಬಾಗಿಲಲ್ಲಿ ನಿಂತಿದ್ದರು, ಕೈಯಲ್ಲಿ ಬ್ರೆಡ್ಡಿನ ಕೊನೆಯ ಚೂರು. "ಹತ್ತು ದಿನದಿಂದ ಇಡೀ ಮನೆ ತಿರುವಿ ಹಾಕಿದ್ರಿ ಅಳಿಯಂದ್ರೆ" ಎಂದರು. "ಒಂದು ಪುಟ ತಿರುವೋಕೆ ಆಗ್ಲಿಲ್ವಾ?"

ನಗು ಬರುವ ಮಾತು, ಈಗ. ಆ ಸಂಜೆ ಬರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಹೆಂಡತಿ ಕನ್ನಡಿಯ ಮುಂದೆ ನಿಂತಿದ್ದುದನ್ನು ಕಂಡೆ. ನಾನು ನೋಡುತ್ತಿರುವುದು ಅವಳಿಗೆ ತಿಳಿದಿರಲಿಲ್ಲ. ತುಟಿ ಆಡುತ್ತಿತ್ತು: ಪ್ರಯಾಣಿಕರ ಗಮನಕ್ಕೆ. ಬರೀ ಗಾಳಿ ಬಂತು. ಇನ್ನೊಮ್ಮೆ ಪ್ರಯತ್ನಿಸಿದಳು. ಮತ್ತೆ ಗಾಳಿ. ಸೆರಗಿನಿಂದ ಕಣ್ಣೊರೆಸಿಕೊಂಡು ದೀಪ ಆರಿಸಿದಳು. ನಾನು ಹಜಾರಕ್ಕೆ ಬಂದು ಕೂತೆ. ಕೂತಿದ್ದೆ ಎಂದು ಹೇಳುವುದು ಪೂರ್ತಿ ನಿಜವಲ್ಲ. ಕುರ್ಚಿಯಿಂದ ಕುರ್ಚಿಗೆ ಬದಲಾಯಿಸುತ್ತಿದ್ದೆ.

ಮರುದಿನ ಎಂಟೂವರೆಗೆ ಅವಳು ಬರೆದುಕೊಟ್ಟ ರಜೆ ಚೀಟಿ ಹಿಡಿದು ನಿಲ್ದಾಣಕ್ಕೆ ಹೋದೆ. ಕಂಟ್ರೋಲರ್ ಸಾಹೇಬರು ಚೀಟಿ ಓದಿ ತಲೆಯ ಮೇಲೆ ಕೈ ಹೊತ್ತರು. ಬದಲಿಗೆ ಬರಬೇಕಾದ ಹೆಂಗಸು ಬಾಣಂತಿ. ಅಧಿಕಾರಿ ಆಗಲೇ ಹೊರಟಾಗಿತ್ತು.

"ನಿಮಗೆ ಓದೋಕೆ ಬರುತ್ತಲ್ಲ?" ಎಂದು ನನ್ನನ್ನು ಕೇಳಿದರು.

"ಊರಿಗೆಲ್ಲ ಅಕ್ಷರ ಓದಿಸೋದೇ ನನ್ನ ಕಸುಬು ಸಾರ್."

"ಹಾಗಾದ್ರೆ ಹೋಗಿ ಕೂತ್ಕೊಳ್ಳಿ. ಬಸ್ಸುಗಳ ಚೀಟಿ ಮೇಜಿನ ಮೇಲಿದೆ, ಅದ್ರಲ್ಲಿರೋದನ್ನ ಓದಿದ್ರಾಯ್ತು. ಅದನ್ನ ಯಂತ್ರವೂ ಮಾಡುತ್ತಂತೆ."

ಮೊದಲ ಮಹಡಿಯ ಗಾಜಿನ ಕೋಣೆ. ಮುಂದೆ ಎಂಟು ಪ್ಲಾಟ್‌ಫಾರಂಗಳು, ನೂರಾರು ತಲೆಗಳು. ಮೈಕಿನ ಗುಂಡಿ ಒತ್ತಿದೆ. ನನ್ನ ಉಸಿರು ಇಡೀ ನಿಲ್ದಾಣದಲ್ಲಿ ಬೀಸಿತು. ಹೆಂಡತಿಯ ಋಣ ತೀರಿಸುವ ಗಳಿಗೆ ಇದೇ ಎಂದುಕೊಂಡು ಎದೆಯುಬ್ಬಿಸಿ ಓದಿದೆ. "ಪ್ರಯಾಣಿಕರ ಗಮನಕ್ಕೆ. ಬಂದರಿಗೆ ಹೋಗುವ ಬಸ್ಸು ಹತ್ತೊಂಬತ್ತನೇ ಪ್ಲಾಟ್‌ಫಾರಂನಿಂದ ಹೊರಡಲಿದೆ."

ಜನ ಎದ್ದರು. ಎಂಟನೆಯದರವರೆಗೆ ನಡೆದರು. ಮುಂದೆ ಗೋಡೆಯಿತ್ತು. ನಂಬಿಗಸ್ತ ಪ್ರಯಾಣಿಕರು ಗೋಡೆ ಸುತ್ತಿ ರಸ್ತೆಗೆ ಇಳಿದರು.

ಮೇಜಿನ ಫೋನು ಹೊಡೆದುಕೊಂಡಿತು. "ಹತ್ತೊಂಬತ್ತು ಬಸ್ಸಿನ ನಂಬರ್ ರೀ" ಎಂದರು ಕಂಟ್ರೋಲರ್. "ಪ್ಲಾಟ್‌ಫಾರಂ ಮೂರು."

"ತಿದ್ದುಪಡಿ. ಬಂದರಿನ ಬಸ್ಸು ಮೂರನೇ ಪ್ಲಾಟ್‌ಫಾರಂನಲ್ಲಿದೆ. ಗಾಜಿನ ಕಾರ್ಖಾನೆಯ ಬಸ್ಸು ಆರನೆಯದರಲ್ಲಿದೆ" ಎಂದೆ. ಚೀಟಿಯಲ್ಲಿ ಹಾಗೆಯೇ ಇತ್ತು. ಆದರೆ ಚೀಟಿ ಬರೆದದ್ದು ಬೆಳಗ್ಗೆ. ಬಸ್ಸು ಬಂದು ನಿಂತದ್ದು ಚಾಲಕನಿಗೆ ಜಾಗ ಸಿಕ್ಕಲ್ಲಿ. ಮೀನುಬುಟ್ಟಿಯ ಹೆಂಗಸರೆಲ್ಲ ಕಾರ್ಖಾನೆಯ ಬಸ್ಸಿಗೂ, ಕಾರ್ಖಾನೆಯವರೆಲ್ಲ ಬಂದರಿನ ಬಸ್ಸಿಗೂ ಹತ್ತಿದರು. ನಾನು ಮತ್ತೆ ತಿದ್ದಿದೆ. ಎಲ್ಲರೂ ಇಳಿದು, ನಡುವೆ ಡಿಕ್ಕಿ ಹೊಡೆದುಕೊಂಡು, ಅದಲುಬದಲಾದರು. ಅಷ್ಟರಲ್ಲಿ ಚಾಲಕರಿಬ್ಬರು ನನ್ನ ಮೊದಲ ತಿದ್ದುಪಡಿಯನ್ನು ಗೌರವಿಸಿ ಬಸ್ಸುಗಳನ್ನೇ ಅದಲುಬದಲು ಮಾಡಿಬಿಟ್ಟರು.

ಕೋಣೆಯ ಬಾಗಿಲು ದಡಾರನೆ ತೆರೆಯಿತು. ಕಂಟ್ರೋಲರ್ ಏದುಸಿರು ಬಿಡುತ್ತಿದ್ದರು. "ಇಷ್ಟು ವರ್ಷದಲ್ಲಿ ಆಯಮ್ಮ ಒಂದಿನ ಹೀಗೆ ಮಾಡಿಲ್ಲ. ನಿಜ ಹೇಳಿ, ಏನಾಯ್ತು ಅವ್ರ ಗಂಟಲಿಗೆ?"

ಬೆಳಗಿನಿಂದ ಎದೆಯಲ್ಲಿ ಕಟ್ಟಿಕೊಂಡಿದ್ದದ್ದು ಕಿತ್ತುಕೊಂಡು ಬಂತು. "ನಾನೇ ಸಾರ್. ನಾನೇ ಕಾಲುವೆಯಿಂದ ಕೆಸುವಿನೆಲೆ ಕಿತ್ತು ತಂದು, ಎರಡೇ ನಿಮಿಷ ಬಾಡಿಸಿ ತಿನ್ನಿಸ್ದೆ. ಪುಟ ತಿರುವ್ಲಿಲ್ಲ ಸಾರ್. ಅವಳು ಬೇಡ ಅಂದ್ಲು. ಅತ್ತೆ ಬ್ರೆಡ್ ತಿಂದ್ರು. ಅವಳ ಕೆಲಸ ಹೋದ್ರೆ ಅದಕ್ಕೆ ನಾನೇ ಕಾರಣ" ಎಂದೆ.

ಕಂಟ್ರೋಲರ್ ನನ್ನ ಬೆರಳಿನ ಕಡೆ ನೋಡುತ್ತಿದ್ದರು. ಅದು ಇನ್ನೂ ಮೈಕಿನ ಗುಂಡಿಯ ಮೇಲೇ ಇತ್ತು.

ಗಾಜಿನಾಚೆ ನಿಲ್ದಾಣ ಸ್ತಬ್ಧವಾಗಿತ್ತು. ನೂರಾರು ಮುಖಗಳು ಮೇಲೆ ನೋಡುತ್ತಿದ್ದವು. ಆಮೇಲೆ ಮೆಟ್ಟಿಲ ಮೇಲೆ ಕಾಲಿನ ಸದ್ದು. ಮೀನುಬುಟ್ಟಿಯ ಅಜ್ಜಿಯೊಬ್ಬಳು ಎಲ್ಲರಿಗಿಂತ ಮೊದಲು ಬಂದಳು. "ಹುಳಿ ಹಾಕ್ಲಿಲ್ವೇನಪ್ಪಾ?" ಎಂದಳು.

"ಇಲ್ಲ ಅಜ್ಜಿ."

"ಒಂದ್ ಚೂರೂ ಇಲ್ವಾ?"

"ಇಲ್ಲ."

ಅಜ್ಜಿ ಹಿಂದಿನವರ ಕಡೆ ತಿರುಗಿ ಹೇಳಿದಳು, "ಹುಳೀನೇ ಹಾಕಿಲ್ವಂತೆ." ಮಾತು ಮೆಟ್ಟಿಲಿಳಿದು, ಪ್ಲಾಟ್‌ಫಾರಂನಿಂದ ಪ್ಲಾಟ್‌ಫಾರಂಗೆ ದಾಟಿ ಎಂಟರ ತನಕ ಹೋಯಿತು. ನನ್ನ ಪ್ರಕಟಣೆಗಳಲ್ಲಿ ಒಂದೂ ಅಷ್ಟು ಸರಿಯಾಗಿ ತಲುಪಿರಲಿಲ್ಲ. ಯಾರೋ ನಿಂಬೆಹಣ್ಣು ಕೊಟ್ಟರು, ಯಾರೋ ಬೆಲ್ಲ, ಯಾರೋ ಜೇನುತುಪ್ಪದ ಸೀಸೆ. ಮೇಜು ತುಂಬಿತು.

ಆ ಗುಂಪನ್ನು ಸೀಳಿಕೊಂಡು ಬಂದವಳು ನನ್ನ ಹೆಂಡತಿ. ಕುತ್ತಿಗೆಗೆ ಶಾಲು ಸುತ್ತಿಕೊಂಡಿದ್ದಳು, ಒಂದು ಕಾಲಿನದು ಅವಳ ಚಪ್ಪಲಿ, ಇನ್ನೊಂದರದು ಅತ್ತೆಯದು. ಮನೆಯಲ್ಲಿ ಮಲಗಿ ಪ್ರತಿಯೊಂದು ಮಾತನ್ನೂ ಕೇಳಿಸಿಕೊಂಡಿದ್ದಳಲ್ಲ. ನನ್ನ ಕಡೆ ನೋಡಲಿಲ್ಲ. ಚೀಟಿಯನ್ನು ಮಡಚಿ ಪಕ್ಕಕ್ಕೆ ಎಸೆದಳು. ಗಾಜಿಗೆ ಹಣೆ ತಾಗಿಸಿ ಕೆಳಗೆ ಒಂದು ಸುತ್ತು ಕಣ್ಣಾಡಿಸಿದಳು. ಆಗ ನನಗೆ ತಿಳಿಯಿತು: ಹದಿನೆಂಟು ವರ್ಷ ಅವಳು ಓದುತ್ತಿದ್ದುದು ಚೀಟಿಯನ್ನಲ್ಲ, ನಿಲ್ದಾಣವನ್ನು. ಯಾವ ಚಾಲಕ ಎಲ್ಲಿ ನಿಲ್ಲಿಸುತ್ತಾನೆ, ಯಾವ ಬಸ್ಸಿಗೆ ಕಾಯುವವರು ಯಾವ ಬೆಂಚಿನಲ್ಲಿ ಕೂರುತ್ತಾರೆ, ಎಲ್ಲವೂ ಅವಳ ಕಣ್ಣಲ್ಲಿತ್ತು. ನನ್ನ ಭುಜ ತಟ್ಟಿ ಮೂರು ಬೆರಳು ತೋರಿಸಿ, ಕೈಯನ್ನು ಅಲೆಯಂತೆ ಆಡಿಸಿದಳು.

"ಬಂದರಿನ ಬಸ್ಸು ಮೂರನೇ ಪ್ಲಾಟ್‌ಫಾರಂ" ಎಂದೆ.

ಆರು ಬೆರಳು, ಬಾಯಿ ಮುಂದೆ ಮಾಡಿ ಗಾಜು ಊದುವ ಅಭಿನಯ.

"ಕಾರ್ಖಾನೆಯ ಬಸ್ಸು ಆರನೇ ಪ್ಲಾಟ್‌ಫಾರಂ."

ಹತ್ತು ನಿಮಿಷದಲ್ಲಿ ನಿಲ್ದಾಣ ನೆಟ್ಟಗಾಯಿತು. ನಾನು ಒಂದಕ್ಷರ ಹೆಚ್ಚು ಹೇಳಹೋದಾಗಲೆಲ್ಲ ಅವಳ ಮೊಣಕೈ ನನ್ನ ಪಕ್ಕೆಯಲ್ಲಿ ಪೂರ್ಣವಿರಾಮ ಹಾಕುತ್ತಿತ್ತು.

ಹನ್ನೊಂದು ಗಂಟೆಗೆ, ಬೆವರಿಳಿದು ಕಾಲರು ಒದ್ದೆಯಾದ ಒಬ್ಬರು ಬಾಗಿಲಲ್ಲಿ ಕಾಣಿಸಿಕೊಂಡರು. ಅವರ ಪ್ಯಾಂಟಿಗೆ ಮೀನಿನ ನೀರು ಬಿದ್ದಿತ್ತು. "ಹತ್ತಕ್ಕೆ ಅಂತ ಹೇಳಿ ಒಂಬತ್ತಕ್ಕೇ ಬಂದೆ. ನಾನು ಬಂದು ಎರಡು ಗಂಟೆ ಆಯ್ತು" ಎಂದರು. "ಹತ್ತೊಂಬತ್ತನೇ ಪ್ಲಾಟ್‌ಫಾರಂ ಹುಡುಕ್ತಾ ರಸ್ತೆವರೆಗೂ ಹೋಗಿದ್ದೆ."

ಅಧಿಕಾರಿ ಅವರೇ. ಕಂಟ್ರೋಲರ್ ಗೋಡೆಗೆ ಒರಗಿದರು. ಹೆಂಡತಿ ನೆಟ್ಟಗೆ ನಿಂತಳು, ಬೆರಳುಗಳನ್ನು ಶಾಲಿನೊಳಗೆ ಮುಚ್ಚಿಕೊಂಡಳು.

"ಒಬ್ಬರು ಚೀಟಿ ನೋಡಿ ಓದಿದ್ರೆ ಏನಾಗುತ್ತೆ ಅಂತ ನೋಡಿದೆ" ಎಂದರು ಅಧಿಕಾರಿ. "ಯಂತ್ರ ಓದೋದೂ ಅದನ್ನೇ. ಅಮ್ಮ, ನೀವು ಬಂದ ಮೇಲೇನಾಯ್ತು ಅನ್ನೋದನ್ನೂ ನೋಡಿದೆ. ಇಲ್ಲಿ ಬೇಕಿರೋದು ಬರೀ ಗಂಟಲಲ್ಲ. ಹಾಗಂತ ಬರೀತೀನಿ. ಬೇಗ ಗುಣವಾಗಿ." ಮೇಜಿನ ಮೇಲಿನ ನಿಂಬೆಹಣ್ಣುಗಳಲ್ಲಿ ಒಂದನ್ನು ಎತ್ತಿ ಅವಳ ಕೈಗೆ ಕೊಟ್ಟು ಹೋದರು.

ಮನೆಗೆ ಬರುವ ದಾರಿಯಲ್ಲಿ ನಾನು ತಡೆಯಲಾರದೆ ಹೇಳಿದೆ, "ಒಂದು ರೀತಿಯಲ್ಲಿ ನೋಡಿದ್ರೆ ಕಣೇ, ನಿನ್ನ ಕೆಲಸ ಉಳಿದದ್ದು ನನ್ನಿಂದ್ಲೇ." ಅವಳು ನಿಂತು, ನನ್ನನ್ನು ನೋಡಿದಳು. ಆ ನೋಟಕ್ಕೆ ಶಬ್ದ ಬೇಕಿರಲಿಲ್ಲ. ಇನ್ನು ಸೊಪ್ಪಿನ ತಂಟೆಗೆ ಹೋಗುವುದಿಲ್ಲ ಎಂದು ಅಲ್ಲೇ, ರಸ್ತೆಯಲ್ಲೇ, ಮಾತು ಕೊಟ್ಟೆ.

ಶನಿವಾರ ಅವಳ ಧ್ವನಿ ಮರಳಿತು. ಬೆಳಗ್ಗೆ ತಾಯಿಯೊಡನೆ ನಾಲ್ಕು ಮಾತಾಡಿದಳು, ನನ್ನೊಡನೆ ಒಂದೂ ಇಲ್ಲ, ಕೆಲಸಕ್ಕೆ ಹೋದಳು. ಅಂಗಡಿಯ ಚಾವಣಿ ಇನ್ನೂ ಮುಗಿದಿರಲಿಲ್ಲ. ಹತ್ತು ಗಂಟೆಯವರೆಗೆ ಮನೆಯಲ್ಲಿ ಸುತ್ತಿದೆ. ಗಾಳಿಗೆ ಹೋಗಿ ಬರುತ್ತೇನೆಂದು ಅತ್ತೆಗೆ ಹೇಳಿ ಹೊರಟೆ. ಕಾಲು ತಾನಾಗಿ ಕಾಲುವೆಯ ಕಡೆ ತಿರುಗಿತು. ಕೆಸುವಿನ ಕಡೆ ಕಣ್ಣೆತ್ತಿಯೂ ನೋಡಲಿಲ್ಲ, ಆಣೆ ಮಾಡಿ ಹೇಳುತ್ತೇನೆ. ಆದರೆ ದಂಡೆಯ ಮೇಲ್ಗಡೆ ಹೊಸ ಸೊಪ್ಪೊಂದು ಚಿಗುರಿತ್ತು. ಬರೀ ಪರಿಚಯಕ್ಕೆಂದು ಬಗ್ಗಿ ಎರಡು ಹಿಡಿ ಕಿತ್ತೆ.

ಆಗ ಧ್ವನಿವರ್ಧಕದಲ್ಲಿ ಅವಳ ಧ್ವನಿ ಬಂತು, ಮೊದಲಿನಂತೆಯೇ, ತುಂಬಿ. "ಪ್ರಯಾಣಿಕರ ಗಮನಕ್ಕೆ. ಗಡಿಗೆ ಹೋಗುವ ಬಸ್ಸು ಐದನೇ ಪ್ಲಾಟ್‌ಫಾರಂನಿಂದ ಹೊರಡಲು ಸಿದ್ಧವಾಗಿದೆ." ಬಗ್ಗಿದವನು ಹಾಗೇ ನಿಂತು ಕೇಳಿದೆ.

"ಇನ್ನೊಂದು ಪ್ರಕಟಣೆ" ಎಂದಳು. "ಕಾಲುವೆ ದಂಡೆಯಲ್ಲಿ ಬಗ್ಗಿ ನಿಂತಿರುವ ನೀಲಿ ಅಂಗಿಯ ವ್ಯಕ್ತಿ, ಕೈಯಲ್ಲಿರುವುದನ್ನು ಅಲ್ಲೇ ಬಿಟ್ಟು ಕೂಡಲೇ ಮನೆಗೆ ತೆರಳಬೇಕು."

ತಲೆಯೆತ್ತಿದೆ. ಆ ಗಾಜಿನ ಕೋಣೆಗೆ ಹಿಂದುಗಡೆಯೂ ಒಂದು ಕಿಟಕಿಯಿರುವುದನ್ನು ಅಂದು ಕೂತಾಗ ನಾನು ಗಮನಿಸಿರಲಿಲ್ಲ. ಕಾಲುವೆಯ ಸೇತುವೆಯ ಮೇಲೆ ಹೋಗುತ್ತಿದ್ದ ಬಸ್ಸಿನ ಕಿಟಕಿಗಳಿಂದ ತಲೆಗಳೆಲ್ಲ ಹೊರಬಂದು ನನ್ನ ಅಂಗಿಯ ಬಣ್ಣ ನೋಡಿದವು. ನಾನು ಬಲಗೈ ಬಿಚ್ಚಿದೆ. ಸೊಪ್ಪು ನೀರಿಗೆ ಬಿತ್ತು. ಮನೆಯ ಕಡೆ ಹೆಜ್ಜೆ ಹಾಕಿದೆ.

"ಎಡಗೈಯಲ್ಲಿರುವುದನ್ನೂ" ಎಂದಿತು ಧ್ವನಿವರ್ಧಕ.